ಗೆರೆ ದಾಟಿದ ಮೇಲೆ

ಪಂದ್ಯದ ಹಾಯಿದೋಣಿಗಳನ್ನು ರೂಪಿಸುವುದರಲ್ಲಿ ಕಮಠಯ್ಯನೆಂಬ ಆಮೆಗೆ ದೊಡ್ಡ ಹೆಸರಿತ್ತು. ಈ ವರ್ಷದ ದೋಣಿಯ ಹಲಗೆಗಳನ್ನು ಅವನು ಇನ್ನೂ ಕೆತ್ತುತ್ತಲೇ ಇದ್ದ.

"ಇಷ್ಟು ತೆಳುವಾದರೆ ಒಡೆದುಹೋಗುತ್ತೇನೆ, ಸ್ವಾಮಿ," ಎಂದಿತು ದೋಣಿ.

"ಗೆಲುವಿನ ಗೆರೆ ದಾಟುವವರೆಗೆ ಒಡೆಯುವುದಿಲ್ಲ. ಲೆಕ್ಕ ಹಾಕಿದ್ದೇನೆ."

"ದಾಟಿದ ಮೇಲೆ ದಡಕ್ಕೆ ಬರಬೇಡವೇ?"

"ಅದು ಪಂದ್ಯದಲ್ಲಿಲ್ಲ. ಗೆಲ್ಲಬೇಕಾದರೆ ಭಾರ ಬಿಡಬೇಕು, ಮಗಳೇ."

"ಹಾಗಾದರೆ ನಿಮ್ಮ ಬೆನ್ನ ಮೇಲಿನ ಚಿಪ್ಪು?"

"ಪಂದ್ಯಕ್ಕಿಳಿಯುವವನು ನಾನಲ್ಲವಲ್ಲ," ಎಂದು ಕಮಠಯ್ಯ ಮತ್ತೆ ಉಳಿ ಎತ್ತಿಕೊಂಡ.

ದೋಣಿ ಎಲ್ಲರಿಗಿಂತ ಮೊದಲು ಗೆರೆ ದಾಟಿತು. ಮರುಗಳಿಗೆಯಲ್ಲೇ ಎರಡು ಹೋಳಾಗಿ ಮುಳುಗಿತು. ದಡದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಹಾರ ಹಾಕಿಸಿಕೊಂಡ ಕಮಠಯ್ಯ ಮಾತ್ರ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ.

"ಗೆರೆ ದಾಟಿದ ಮೇಲೂ ಒಂದು ಗಳಿಗೆ ತೇಲಿತು ನೋಡಿ," ಎಂದ. "ಹಲಗೆ ಇನ್ನೂ ಸ್ವಲ್ಪ ದಪ್ಪವೇ ಇತ್ತು."