ಬಿಸಿಹೊಗೆಗೆ ಸಿಕ್ಕ ಮರ್ಯಾದೆ

ಬೆಟ್ಟಗಳ ಮೇಲೆ, ಕೊರೆಯುವ ಚಳಿಯ ಮೋಡದೊಳಗೆ ಹಾರುತ್ತಿದ್ದ ವಿಮಾನದ ರೆಕ್ಕೆಗಳಿಗೆ ಮಂಜುಗಡ್ಡೆ ಕಟ್ಟಿತು. "ಭಾರ ತಡೆಯಲಾರೆವು, ಬೀಳುತ್ತಿದ್ದೇವೆ!" ಎಂದು ರೆಕ್ಕೆಗಳು ಕೂಗಿದವು.

ಎಂಜಿನ್ನಿನಿಂದ ಹೊರಟ ಬಿಸಿಹೊಗೆ, ತನ್ನನ್ನು ಹೊರಗೋ ರೆಕ್ಕೆಗಳೊಳಗೋ ಬಿಡುವ ಕೊಳವೆಯ ಬಾಗಿಲಿಗೆ ಹೇಳಿತು: "ನನ್ನನ್ನು ರೆಕ್ಕೆಗಳೊಳಗೆ ಬಿಡು. ಗಡ್ಡೆ ಕರಗಿಸುತ್ತೇನೆ."

"ಕೆಲಸ ಮುಗಿದವರಿಗೆ ಹೊರಗಿನ ದಾರಿ ಮಾತ್ರ. ತೊಲಗು!" ಎಂದಿತು ಬಾಗಿಲು.

ಅಷ್ಟರಲ್ಲಿ ವಿಮಾನ ದಡಕ್ಕನೆ ಕುಸಿಯಿತು. ಕೆಳಗೆ ಬಂಡೆಗಳು ಕಂಡದ್ದೇ ತಡ, ಬಾಗಿಲು ರೆಕ್ಕೆಗಳ ಕಡೆಗೆ ತೆರೆದುಕೊಂಡಿತು. ಹೊಗೆ ಒಳನುಗ್ಗಿತು! ಗಡ್ಡೆ ಚಟಚಟನೆ ಬಿರಿದು ಹಾಳೆಹಾಳೆಯಾಗಿ ಕಳಚಿಬಿತ್ತು.

"ಹಗುರಾದೆವು! ಏರೋಣ, ಏರೋಣ!" ಎಂದವು ರೆಕ್ಕೆಗಳು.

ಮುಂದಿನ ಮೋಡ ಕಂಡೊಡನೆ ಬಾಗಿಲು ತಾನೇ ತೆರೆದು, "ದಯಮಾಡಿಸಿ ಸ್ವಾಮಿ, ಒಳಗೆ ಬನ್ನಿ" ಎಂದಿತು.

"ಬರುತ್ತೇನೆ" ಎಂದಿತು ಹೊಗೆ. "ಆದರೆ ತೊಲಗು ಎಂದೆಯಲ್ಲ, ಆಗಲೂ ನನ್ನ ಬಿಸಿ ಇಷ್ಟೇ ಇತ್ತು."