ನೊಣ ಕೈ ತೊಳೆದದ್ದು

ತಿಪ್ಪೆಯಿಂದ ಎದ್ದು ಬಂದ ನೊಣವೊಂದು ಅಂಬುಜಮ್ಮನವರ ಅಡುಗೆಮನೆ ಹೊಕ್ಕು, ನೈವೇದ್ಯಕ್ಕೆಂದು ತೆಗೆದಿಟ್ಟಿದ್ದ ಬೆಲ್ಲದ ಅಚ್ಚಿನ ಮೇಲೆ ಕೂತಿತು. ಕೂತದ್ದೇ ಮುಂಗಾಲುಗಳನ್ನು ಒಂದಕ್ಕೊಂದು ಉಜ್ಜಿ ಉಜ್ಜಿ ತೊಳೆಯತೊಡಗಿತು.

"ಬೆಲ್ಲಣ್ಣ, ನನಗೊಂದು ವಿಷಯ ಅರ್ಥವಾಗುತ್ತಿಲ್ಲ," ಎಂದಿತು ನೊಣ. "ಈ ಮನೆಯ ಬೆಕ್ಕು ದಿನಕ್ಕೆ ನಾಲ್ಕು ಸಲ ಮೈ ನೆಕ್ಕಿಕೊಳ್ಳುತ್ತದೆ. ಅದಕ್ಕೆ ಹಾಲು ಸಿಗುತ್ತದೆ. ನಾನು ಕೂತಲ್ಲೆಲ್ಲ ಕೈ ತೊಳೆಯುವವನು. ನನ್ನನ್ನು ಕಂಡರೆ ಅಂಬುಜಮ್ಮ ಟವಲ್ ಬೀಸುತ್ತಾರೆ. ಇದ್ಯಾವ ನ್ಯಾಯ?"

"ಬರುವಾಗ ನಿನ್ನ ಕೈ ಹೇಗಿತ್ತು?" ಎಂದು ಬೆಲ್ಲ ಕೇಳಿತು.

"ಕೊಳಕಾಗಿತ್ತು. ಸುಳ್ಳು ಯಾಕೆ ಹೇಳಲಿ?"

"ಈಗ?"

"ಚೊಕ್ಕವಾಗಿದೆ. ಬೇಕಾದರೆ ನೋಡಣ್ಣ."

"ಹಾಗಾದರೆ ಆ ಕೊಳಕು ಎಲ್ಲಿಗೆ ಹೋಯಿತು?"

ನೊಣ ತನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿತು. ಅಲ್ಲಿರಲಿಲ್ಲ. ಗೋಡೆಯ ಕಡೆ ನೋಡಿತು. ಅಲ್ಲಿಯೂ ಇರಲಿಲ್ಲ. ತನ್ನ ಕಾಲ ಕೆಳಗೊಂದು ಬಿಟ್ಟು ಎಲ್ಲ ಕಡೆ ಹುಡುಕಿತು.

ಅಷ್ಟರಲ್ಲಿ ಅಂಬುಜಮ್ಮ ಬಂದರು. "ನೊಣ ಕೂತ ಬೆಲ್ಲ ದೇವರಿಗೆ ಆಗೋದಿಲ್ಲ" ಎಂದು ಟವಲ್ ಬೀಸಿ ನೊಣವನ್ನು ಎಬ್ಬಿಸಿ, ಅಚ್ಚನ್ನೇ ಎತ್ತಿ ಹಿತ್ತಲಿಗೆ ಎಸೆದರು.

ನೊಣದ ಗೊಂದಲ ಇನ್ನೂ ಹೆಚ್ಚಾಯಿತು. ತೊಳೆದುಕೊಂಡವನು ನಾನು, ಹೊರಗೆ ಬಿದ್ದದ್ದು ಬೆಲ್ಲ. ಇದು ನಿಧಾನವಾಗಿ ಕೂತು ಯೋಚಿಸಬೇಕಾದ ಮಾತು ಎಂದುಕೊಂಡು ಅದು ಪಕ್ಕದಲ್ಲಿ ತೆರೆದಿಟ್ಟಿದ್ದ ಪಾಯಸದ ಬಟ್ಟಲಿನ ಅಂಚಿಗೆ ಹಾರಿತು. ಯೋಚಿಸುವ ಮೊದಲು ಕೈ ತೊಳೆದುಕೊಂಡಿತು.