ಬುಟ್ಟಿಯವ್ವನ ಗಡ್ಡೆ

ಹೊಳೆಸಾಲು ಪಟ್ಟಣವನ್ನು ಎರಡಾಗಿ ಸೀಳಿ ಹರಿಯುವ ಹೊಳೆಯ ನಡುವೆ ಹುಣಸೆಮರಗಳ ಒಂದು ಗಡ್ಡೆಯಿದೆ. ಪೇಟೆಯ ದಂಡೆಯಿಂದ ಅಲ್ಲಿಗೆ ಈಗ ರೋಪ್‌ವೇ ಆಗಿದೆ. ಗಾಜಿನ ಡಬ್ಬಿಯಲ್ಲಿ ಕುಳಿತರೆ ನಾಲ್ಕೇ ನಿಮಿಷ. ಮಕ್ಕಳು ಕಿರುಚುತ್ತಾರೆ, ದೊಡ್ಡವರು ಫೋಟೊ ತೆಗೆಯುತ್ತಾರೆ. ಗಡ್ಡೆಯ ಗುಡಿಯಲ್ಲಿರುವ ಅವ್ವ ಬುಟ್ಟಿ ಹೆಣೆಯುತ್ತಿದ್ದಳು, ಅದಕ್ಕೇ ಬುಟ್ಟಿಯವ್ವ ಎಂಬ ಹೆಸರು ಎಂದು ಟಿಕೆಟ್ ಕೊಡುವವರು ಹೇಳುತ್ತಾರೆ. ಅದು ಶುದ್ಧ ಸುಳ್ಳು.

ಹಿಂದೆ ಒಮ್ಮೆ ಪೇಟೆಗೆ ಸಿಡುಬು ಬಂತು. ಬೇನೆ ಬಿದ್ದವರನ್ನು ಗಡ್ಡೆಯಲ್ಲಿ ಬಿಟ್ಟು, ದಂಡೆಯ ಕಲ್ಲುಕಂಬದಿಂದ ಅಲ್ಲಿಯ ಮರಕ್ಕೆ ತೊಗಲಿನ ಮಿಣಿ ಬಿಗಿದು, ಅದರ ಮೇಲೆ ಜಾರುವ ಬುಟ್ಟಿಯಲ್ಲಿ ಗಂಜಿ ಕಳಿಸುತ್ತಿದ್ದರಂತೆ. ಗುಣವಾದವರು ಅದೇ ಬುಟ್ಟಿಯಲ್ಲಿ ಮರಳಬೇಕು. ಎಳೆಯುವ ಹಗ್ಗವನ್ನು ಅವರ ಮನೆಯವರೇ ಹಿಡಿಯಬೇಕು. ಬೇರೆಯವರು ಮುಟ್ಟಿದರೆ ಬೇನೆ ಅವರ ಮನೆ ಹೊಗುತ್ತದೆ ಎಂಬ ಕಟ್ಟಳೆ. ಆ ಸಲ ಗಡ್ಡೆಯಲ್ಲಿ ಬದುಕುಳಿದವಳು ನಿಂಬವ್ವ ಒಬ್ಬಳೇ. ಅವಳು ಸತ್ತಳೆಂದೇ ಬಗೆದು ಗಂಡ ಮಲಕಪ್ಪ ಆಗಲೇ ಇನ್ನೊಂದು ಮದುವೆಯಾಗಿದ್ದ. ಆಚೆಯಿಂದ ಅವಳ ಕೂಗು ಕೇಳಿದಾಗ ಊರೆಲ್ಲ ದಂಡೆಗೆ ಬಂತು. ಜನರೆದುರು ಒಲ್ಲೆ ಎನ್ನಲಾರದೆ ಅವನು ಹಗ್ಗ ಹಿಡಿದ. ಬುಟ್ಟಿ ನಡುಹೊಳೆಗೆ ಬಂದಾಗ ನಿಂಬವ್ವ ಹಿಗ್ಗಿನಿಂದ ಎದ್ದು ನಿಂತು, ತನ್ನ ಮನೆಯ ಮುಂದಿನ ಹಂದರ ಕಂಡು ಕೇಳಿದಳು:

"ನಮ್ಮನ್ಯಾಗ ಯಾರ ಮದಿವಿರೀ?"

ಮಲಕಪ್ಪ ಹಗ್ಗವನ್ನು ಕಂಬಕ್ಕೆ ಸುತ್ತಿ ಗಂಟು ಹಾಕಿದ. "ಆಕಿ ಮೈಮ್ಯಾಲೆ ಬ್ಯಾನಿ ಇನ್ನೂ ಐತಿ. ನಾ ಎಳೆಯಾಂಗಿಲ್ಲ."

ಅದು ಹಸಿ ಸುಳ್ಳೆಂದು ಎಲ್ಲರಿಗೂ ಕಾಣುತ್ತಿತ್ತು. ಆದರೂ ಒಬ್ಬರೂ ಹಗ್ಗ ಮುಟ್ಟಲಿಲ್ಲ. ಕೆಳಗೆ ಮಹಾಪೂರ, ಹಿಂದಕ್ಕೆ ಎಳೆಯಲು ಗಡ್ಡೆಯಲ್ಲಿ ನರಪಿಳ್ಳೆಯಿಲ್ಲ. ಗಂಡನನ್ನು ಬೇಡಿ ಸೋತವಳು ನೆರೆಹೊರೆಯವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯತೊಡಗಿದಳು. ಹೆಸರು ಕೇಳಿದವರು ಒಳಗೆ ಹೋಗಿ ಹೊಳೆಯ ಕಡೆಯ ಬಾಗಿಲು ಹಾಕಿಕೊಂಡರು. ಮೂರನೆಯ ದಿನ ದನಿ ನಿಂತಿತು. ಬುಟ್ಟಿ ಮಾತ್ರ ಮಿಣಿ ಕೊಳೆತು ಹರಿಯುವ ತನಕ ಅಲ್ಲೇ ತೂಗುತ್ತಿತ್ತು ಎನ್ನುತ್ತಾರೆ. ಮರುವರ್ಷ ಮತ್ತೆ ಸಿಡುಬು ಬಂದಾಗ ಅದೇ ಜನ ಹೆದರಿ, ಗಡ್ಡೆಯಲ್ಲಿ ಗುಡಿ ಕಟ್ಟಿಸಿ, ಅವ್ವಾ ಕಾಪಾಡು ಎಂದು ಅಡ್ಡಬಿದ್ದರು. ಹೇಳುವಾಗ ನನಗೆ ಇಂದಿಗೂ ಮೈ ಉರಿಯುತ್ತದೆ.

ಗುಡಿ ಕಟ್ಟಿದ ಮೇಲೂ ಬಾಗಿಲು ಹಾಕಿಕೊಂಡವರ ಮನೆಗಳಲ್ಲಿ ಅವಳ ಕೂಗು ಕೇಳುವುದು ನಿಲ್ಲಲಿಲ್ಲವಂತೆ. ಕೊನೆಗೆ ಹೊಳೆಯ ಕಡೆಯ ಬಾಗಿಲುಗಳನ್ನೇ ಕಿತ್ತು ಕಲ್ಲಿಟ್ಟು ಮುಚ್ಚಿದರು. ರೋಪ್‌ವೇಯಲ್ಲಿ ಮರಳುವಾಗ ನೋಡಿ, ದಂಡೆಯ ಹಳೆಯ ಮನೆಗಳ ಸಾಲಿನಲ್ಲಿ ಬಾಗಿಲಿನ ಚೌಕಟ್ಟುಗಳಿವೆ, ಬಾಗಿಲುಗಳಿಲ್ಲ. ಅಷ್ಟು ತಂಪು ಗಾಳಿಗೆ ಇವರೇಕೆ ಬೆನ್ನು ಹಾಕಿದರೋ ಎಂದು ಬಂದವರು ಕೇಳುತ್ತಾರೆ. ಎಡಗಡೆಯಿಂದ ಏಳನೆಯ ಮನೆ ನಮ್ಮದು.